ಮುದಿ ಓರ್ಕಾದ ಪಾಲು

ಓರ್ಕಾ ತಿಮಿಂಗಿಲಗಳ ಹಿಂಡು ದೊಡ್ಡದೊಂದು ತೊರಕೆ ಮೀನನ್ನು ಹಿಡಿದು ಸಿಗಿಯಿತು. ಒಂದು ಓರ್ಕಾ ತುಂಡೊಂದನ್ನು ಕಚ್ಚಿಕೊಂಡು, ಎಲ್ಲಕ್ಕಿಂತ ಹಿಂದೆ ತೇಲುತ್ತಿದ್ದ ಮುದಿ ಹೆಣ್ಣು ಓರ್ಕಾದ ಬಳಿಗೆ ಹೋಯಿತು.

"ಅದಕ್ಕೆ ಮರಿಗಳಿಲ್ಲ, ಬೇಟೆಯಾಡೋಕೂ ಆಗಲ್ಲ. ಆದ್ರೂ ಪಾಲು ತಪ್ಪಲ್ಲ," ದೋಣಿಯಲ್ಲಿ ಕೂತಿದ್ದ ಸಂಶೋಧಕಿ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದಳು.

"ಬೇಕು ಅಂತ ಅದು ಕೇಳ್ತದಾ ಮೇಡಂ?" ದೋಣಿಯವನು ವಿಚಾರಿಸಿದ.

"ಕೇಳಲ್ಲ. ಒಂಟಿಯಾಗಿರೋದನ್ನ ನೋಡಿ ಅವೇ ತಂದು ಕೊಡ್ತವೆ."

ಅವಳು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು.

"ದೀಪಾವಳಿ ಅಲ್ವಾ ಇವತ್ತು? ನಿಮ್ಗೆ ಮನೆಯಿಂದ ಫೋನ್ ಬರ್ಲಿಲ್ವಾ ಮೇಡಂ?" ದೋಣಿಯವನು ಕೇಳಿದ.

"ಇಲ್ಲಿ ಸಿಗ್ನಲ್ ಎಲ್ಲಿದೆ?" ಎಂದಳು ಅವಳು.

ಅಷ್ಟರಲ್ಲಿ ಅವನ ಜೇಬಿನಲ್ಲಿದ್ದ ಫೋನ್ ರಿಂಗಾಯಿತು.

"ಬರ್ತಾ ಇದ್ದೇನೆ ಮಾರಾಯ್ತಿ," ಎಂದವನು ಸಂಶೋಧಕಿಯತ್ತ ನೋಡದೆ ದನಿ ತಗ್ಗಿಸಿದ. "ಊಟಕ್ಕೆ ಇನ್ನೊಂದು ಎಲೆ ಹಾಕು."