ಡೆಲ್ಬರ್ಟನ ಎಡಗಾಲು

"ಮಾವ, ಬಾಯಿ ಮುಚ್ಕೊಂಡು ಚಕ್ರನ ಎರಡು ಸುತ್ತು ತಿರುಗಿಸು," ಅಂದಳು ನೋರೀನ್, ಒಂದು ಪಕ್ಕ ಜಾಕ್ ಹಾಕಿ ಎತ್ತಿದ ಪಿಕಪ್ಪಿನ ಕೆಳಗೆ ಮಲಗಿಕೊಂಡೇ. ಒಂದೇ ವರ್ಷದಲ್ಲಿ ಸುಟ್ಟುಹೋದ ಮೂರನೆಯ ಕ್ಲಚ್ ಇದು. ಓಹಿಯೋದ ಆ ಸಣ್ಣ ಊರಿನಲ್ಲಿ ಗ್ಯಾರೇಜು ನಡೆಸುವವಳಿಗೆ ಸೋದರಮಾವನೇ ಗಿರಾಕಿಯಾದದ್ದು ಹಣೆಬರಹ. "ಕ್ಲಚ್ ಮೇಲಿಂದ ಕಾಲು ತೆಗಿ ಅಂತ ಎಷ್ಟು ಬಡ್ಕೊಂಡೆ. ನಿನ್ನ ಎಡಗಾಲಿನ ಕಥೆ ಊರಿಗೆಲ್ಲ ಗೊತ್ತು."

"ಗೊತ್ತಾಗದೆ ಏನು? ಡೋನಟ್ ಅಂಗಡೀಲಿ ಕೂತು ಹೇಳಿದವಳು ನೀನೇ ಅಲ್ವಾ," ಅಂತ ಗೊಣಗುತ್ತ ಡೆಲ್ಬರ್ಟ್ ಚಕ್ರ ತಿರುಗಿಸಿದ.

ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಬರುವ ಶಾಫ್ಟಿನ ಮೇಲೆ ಅವಳು ಎಳೆದಿದ್ದ ಸೀಮೆಸುಣ್ಣದ ಗೆರೆ ಮೂರು ಸುತ್ತು ಕೂಡ ಪೂರ್ತಿ ಬರದೆ ನಿಂತಿತು. ನಾಲ್ಕರ ಹತ್ತಿರ ಬರಬೇಕಿತ್ತು. ನೋರೀನಳಿಗೆ ಮೈಯೆಲ್ಲ ಉರಿಯಿತು. "ಇದು ಆಟೋಮ್ಯಾಟಿಕ್ ಗಾಡಿ ಆಕ್ಸಲ್. ಆ ಗಾಡೀಲಿ ಹೊರಡುವಾಗ ನೂಕೋಕೆ ಎಣ್ಣೆ ತುಂಬಿದ ಕನ್ವರ್ಟರ್ ಇರುತ್ತೆ, ಅದಕ್ಕೆ ಇಷ್ಟು ಸುತ್ತು ಸಾಕು. ನಿನ್ನದು ಕೈಗೇರು, ಕ್ಲಚ್ ತುಳಿದು ಗೇರು ಹಾಕೋ ಗಾಡಿ. ಪಾಪ, ಕ್ಲಚ್ಚೇ ಉಜ್ಜಿ ಉಜ್ಜಿ ಎಳೀಬೇಕು. ಯಾವ ತಲೆಕೆಟ್ಟೋರು ಇದನ್ನ ಹಾಕಿದ್ದು?"

"ಹೋದ ಚಳಿಗಾಲ ಹಾಕ್ಸಿದ್ದು. ಕೆಸರು ಒರೆಸಿ ನೋಡು."

ಒರೆಸಿದಳು. ಗುಜರಿಯಿಂದ ಕಳಚಿ ತಂದ ಪ್ರತಿಯೊಂದು ಬಿಡಿಭಾಗದ ಮೇಲೂ ಅವಳು ಬರೆಯುವ ಹಳದಿ ಬಣ್ಣ, ಅವಳದೇ ಅಕ್ಷರ: 'ಮಾವನ ಪಿಕಪ್ಪಿಗೆ. ಅದೇ ಮಾಡೆಲ್, ಅದೇ ವರ್ಷ.' ಕೈಗೇರೋ ಆಟೋಮ್ಯಾಟಿಕ್ಕೋ ಎಂದು ಅವಳು ನೋಡಿರಲೇ ಇಲ್ಲ.

ತೆವಳಿ ಹೊರಬಂದು, ನೆಲ ನೋಡುತ್ತ, "ತಪ್ಪಾಯ್ತು ಮಾವ," ಅಂದಳು.

ಡೆಲ್ಬರ್ಟ್ ನಿಧಾನವಾಗಿ ಎಡಗಾಲಿನ ಬೂಟು ಬಿಚ್ಚಿ, ಕಾಲನ್ನು ಅವಳ ಮುಂದೆ ಬೆಂಚಿನ ಮೇಲೆ ಚಾಚಿದ. "ನನಗಲ್ಲ. ಇದಕ್ಕೆ ಹೇಳು."