ಲೈನ್ ಕೂಡಿಸಿದ ಮೇಲೆ

ಹನ್ನೊಂದಕ್ಕೆ ಸಂದರ್ಶನ, ಹತ್ತೂಕಾಲಿಗೆ ಲ್ಯಾಪ್‌ಟಾಪ್ ಕೈಕೊಟ್ಟಿತು. ಹಿಂದಿನ ದಿನ ಅದು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲೇ ಎಂದು ಕೇಳಿದಾಗ, ನಾಳೆಯ ದಿನಕ್ಕೆ ಎಲ್ಲವೂ ಹೊಸದಾಗಿರಲಿ ಎಂದು ಸೊಸೆ ‘ಸರಿ’ ಒತ್ತಿದ್ದಳು. ಈಗ ತೆರೆದರೆ ಪರದೆಯೇನೋ ಹೊಳೆಯುತ್ತಿದೆ, ವೈಫೈ ಗುರುತೂ ಇದೆ, ಒಂದು ಪುಟವೂ ತೆರೆಯುತ್ತಿಲ್ಲ. ಮೇಲೆ ಥಳಕು, ಒಳಗೆ ಹುಳುಕು.

ವೈಫೈ ಪೆಟ್ಟಿಗೆಯನ್ನು ಎರಡು ಸಲ, ಲ್ಯಾಪ್‌ಟಾಪನ್ನು ಮೂರು ಸಲ ಆರಿಸಿ ಹಚ್ಚಿದ್ದಾಯಿತು. ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದರೆ ಅವನೂ ಅದನ್ನೇ ಹೇಳಿ ಇಟ್ಟುಬಿಟ್ಟ. ಸಂದರ್ಶನವನ್ನು ಫೋನಿನಲ್ಲೇ ಮುಗಿಸೋಣವೆಂದರೆ, ಇದು ಕಟ್ಟಡದ ನಕ್ಷೆ ಬಿಡಿಸುವ ಕೆಲಸ. ಅವರ ಕಣ್ಣೆದುರೇ ಪರದೆಯ ಮೇಲೆ ನಕ್ಷೆಯೊಂದನ್ನು ತಿದ್ದಿ ತೋರಿಸಬೇಕು. ಮಗಳು ಹುಟ್ಟಿದಾಗ ಬಿಟ್ಟ ಕೆಲಸ. ನಾಲ್ಕು ವರ್ಷದ ಮೇಲೆ ಬಂದ ಮೊದಲ ಕರೆ ಇದು.

ಸಂದರ್ಶನದ ವಿಷಯವನ್ನು ಅತ್ತೆಗೆ ಮಾತ್ರ ಅವಳು ಹೇಳಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿದ್ದ ಅತ್ತೆ, ನಿವೃತ್ತರಾದ ದಿನವೇ, ಇನ್ನು ಯಾರ ಅವಸರಕ್ಕೂ ತಾನು ಎದ್ದು ಓಡುವುದಿಲ್ಲ ಎಂದು ಮನೆಮಂದಿಗೆಲ್ಲ ಸಾರಿಬಿಟ್ಟಿದ್ದರು. ಅಂಥವರ ಮಡಿಲಿಗೆ ದಿನವಿಡೀ ಮಗುವನ್ನು ಹಾಕುತ್ತೇನೆ ಎನ್ನುವುದು ಯಾವ ಬಾಯಿಂದ? ಕೆಲಸ ಸಿಕ್ಕಿದರೆ ಆಮೇಲೆ ನೋಡೋಣ, ಸಿಗದಿದ್ದರೆ ಮಾತೇ ಇಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅಷ್ಟರಲ್ಲಿ ಅತ್ತೆಯೇ ಬಟಾಣಿಯ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳಿದರು. ಏನೂ ಇಲ್ಲ, ಗೆಳತಿಯ ಜೊತೆ ಮಾತಾಡಬೇಕಿತ್ತು, ಲೈನ್ ಹೋಗಿದೆ ಎಂದಳು ಸೊಸೆ.

“ಗೆಳತಿ ಜೊತೆ ಮಾತಾಡೋಕೆ ಇಸ್ತ್ರಿ ಅಂಗಿ ಬೇಕಾ?” ಎನ್ನುತ್ತಾ ಅತ್ತೆ ಮಂಚದ ತುದಿಯಲ್ಲಿ ಕೂತು ಬಟಾಣಿ ಬಿಡಿಸತೊಡಗಿದರು. ಉತ್ತರಕ್ಕೆ ಕಾಯಲಿಲ್ಲ. “ಲೈನ್ ಹೋದಾಗ ಗಾಬರಿಯಾದ್ರೆ ಆಗಲ್ಲ. ಯಾವ ತುದಿ ಸತ್ತಿದೆ, ಮೊದಲು ಅದನ್ನ ನೋಡಬೇಕು.”

ತಮ್ಮ ಫೋನಿನಲ್ಲಿ, ಅದೇ ವೈಫೈ ಹಿಡಿದು, ಒಂದು ಹಾಡು ಹಚ್ಚಿದರು. ಅದು ಒಂದು ಕಡೆಯೂ ತಡವರಿಸದೆ ಹಾಡಿತು. ಅಲ್ಲಿಗೆ ಹೊರಗಿನ ಲೈನ್ ಸರಿಯಾಗಿದೆ ಎಂದಾಯಿತು. ಆಮೇಲೆ ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡಿಸಿ ನೋಡಿದರು, ಅದೂ ಹೋಗಲಿಲ್ಲ. ಅಲ್ಲಿಗೆ ರೋಗ ಲ್ಯಾಪ್‌ಟಾಪಿನಲ್ಲೇ ಎಂದು ತೀರ್ಪಾಯಿತು. ಹೊರಗೆ ಹೋಗುವ ದಾರಿಗಳು ಒಳಗೆ ಎಷ್ಟಿವೆ, ಒಂದೊಂದಾಗಿ ಓದು ಎಂದರು. ಸೊಸೆ ನೆಟ್‌ವರ್ಕಿನ ಪಟ್ಟಿ ತೆರೆದು ಓದಿದಳು. ಒಂದು, ವೈಫೈ. ಎರಡು, ಕೇಬಲ್, ಖಾಲಿ. ಮೂರನೆಯದರ ಮೇಲೆ ಬೆರಳಿಟ್ಟಳು.

ಅಲ್ಲಿ ಹಳೆಯ ಆಫೀಸಿನ ಹೆಸರಿತ್ತು. ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಇವಳು ಕಳಿಸಿದ್ದೆಲ್ಲ ಆ ದಾರಿಯಿಂದಲೇ ಆಫೀಸಿಗೆ ಹೋಗಿ, ಅಲ್ಲಿಂದ ಹೊರಗೆ ಹೋಗುತ್ತಿತ್ತು. ಕೆಲಸ ಬಿಟ್ಟರೂ ಅದನ್ನು ತೆಗೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ. ತೆಗೆದರೆ, ಇನ್ನು ಆ ಲೋಕಕ್ಕೆ ತಾನು ಮರಳುವುದೇ ಇಲ್ಲವೆಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. ನಾಲ್ಕು ವರ್ಷ ತೆಪ್ಪಗೆ ಮಲಗಿದ್ದ ಅದನ್ನು ಹೊಸ ಸಿಸ್ಟಮ್ ತಟ್ಟಿ ಎಬ್ಬಿಸಿತ್ತು. ಈಗ ಅದು ಎಲ್ಲವನ್ನೂ ಎಂದೋ ಮುಚ್ಚಿದ ಬಾಗಿಲಿಗೇ ಕಳಿಸುತ್ತಿತ್ತು. ಇದನ್ನು ಸೊಸೆ ತಗ್ಗಿದ ದನಿಯಲ್ಲಿ ಹೇಳಿದಳು.

“ಚೆನ್ನಾಗಿದೆ ಕಣೇ. ಮುಗಿದು ಹೋದ ಕರೆಯ ಪ್ಲಗ್ಗನ್ನ ಬೋರ್ಡಲ್ಲೇ ಚುಚ್ಚಿಟ್ಟು, ಹೊಸ ಕರೆ ಸಿಗ್ತಿಲ್ಲ ಅಂತ ಅಳ್ತಿದ್ದೀಯ. ಕಿತ್ತು ಹಾಕು.”

ಸೊಸೆ ಕಿತ್ತು ಹಾಕಿದಳು. ನಿಜವಾಗಿಯೂ ತೆಗೆಯಲೇ ಎಂದು ಲ್ಯಾಪ್‌ಟಾಪ್ ಎರಡು ಸಲ ಕೇಳಿತು, ಎರಡು ಸಲವೂ ಹೌದು ಎಂದಳು. ಅದು ಆರಿ, ಮತ್ತೆ ಹತ್ತಿ, ಪರದೆಯ ನಡುವೆ ಚಕ್ರ ತಿರುಗಿಸುತ್ತಾ ಕೂತಿತು. ಹತ್ತು ಐವತ್ತೆರಡು. ಹತ್ತು ಐವತ್ತೈದು. ಆಮೇಲೆ ಟಿಣ್ ಟಿಣ್ ಎಂದು ಸಂದೇಶಗಳು ಒಂದರ ಮೇಲೊಂದು ಬಂದು ಬಿದ್ದವು. ಸೊಸೆಗೆ ಎಷ್ಟು ಖುಷಿಯಾಯಿತೆಂದರೆ ಅತ್ತೆಯನ್ನು ಬುಟ್ಟಿಯ ಸಮೇತ ತಬ್ಬಿಕೊಂಡಳು, ಅರ್ಧ ಬಟಾಣಿ ನೆಲದ ಪಾಲಾಯಿತು. ಸುಳ್ಳು ಹೇಳಿದ್ದು ಈಗ ಮನಸ್ಸಿಗೆ ಚುಚ್ಚಿತು.

“ಅತ್ತೆ, ಇದು ಗೆಳತಿ ಅಲ್ಲ...”

“ನನಗೆ ಹೇಳಬೇಡ,” ಅತ್ತೆ ಎದ್ದರು. “ಲೈನ್ ಕೂಡಿಸಿದ ಮೇಲೆ ಆಪರೇಟರ್ ಕೇಳಿಸಿಕೊಳ್ಳೋ ಹಾಗಿಲ್ಲ. ಮೂವತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಕೇಳಿಸಿಕೊಂಡವಳಲ್ಲ ನಾನು.” ಹೊರಗೆ ಹೋಗಿ ಬಾಗಿಲನ್ನು ಗಟ್ಟಿಯಾಗಿ ಎಳೆದುಕೊಂಡರು.

ಪರದೆಯ ಮೇಲೆ ಮೂವರು ಕಾಣಿಸಿಕೊಂಡರು. ಅವರು ಕೊಟ್ಟ ನಕ್ಷೆಯಲ್ಲಿ ಅಡುಗೆಮನೆಯ ಬಾಗಿಲು ತೆರೆದರೆ ಮೆಟ್ಟಿಲಿಗೇ ಬಡಿಯುತ್ತಿತ್ತು. ಸೊಸೆ ಅದನ್ನು ಹತ್ತು ನಿಮಿಷದಲ್ಲಿ ಸರಿಪಡಿಸಿದಳು. ಕೈ ಏನನ್ನೂ ಮರೆತಿರಲಿಲ್ಲ. ಮೂವರಲ್ಲಿ ಹಿರಿಯರಾಗಿದ್ದ ಹೆಂಗಸು ಮೆಚ್ಚಿ ತಲೆದೂಗಿದರು. ಆಮೇಲೆ, ಆಫೀಸಿನ ಹೊತ್ತು ಒಂಬತ್ತರಿಂದ ಆರು, ಮನೆಯಲ್ಲಿ ಪುಟ್ಟ ಮಗುವಿದೆ ಎಂದು ಬರೆದಿದ್ದೀರಿ, ದಿನಾ ಬರೋಕೆ ಆಗುತ್ತಾ ಎಂದು ಕೇಳಿದರು.

ಸೊಸೆ, “ಅದು... ಮೇಡಂ...” ಎನ್ನುತ್ತಾ ತಡವರಿಸಿದಳು.

ಬಾಗಿಲ ಕೆಳಗಿನ ಸಂದಿಯಿಂದ ಒಂದು ಕಾಗದ ಸರ್ರನೆ ಒಳಗೆ ಜಾರಿ ಬಂತು. ಅದರ ಹಿಂದೆಯೇ ಒಂದು ಬಟಾಣಿ ಕಾಳೂ ಉರುಳಿಕೊಂಡು ಬಂತು. ಕುರ್ಚಿಯಿಂದಲೇ ಓದುವಷ್ಟು ದಪ್ಪ, ದುಂಡು ಅಕ್ಷರ:

“ಆಗುತ್ತೆ ಅನ್ನು. ನಾನಿಲ್ವಾ?”