ಕಂದು ಕುದುರೆಯ ರೂಢಿ

"ಆ ಕಂದು ಕುದುರೆನೇ ಬೇಕು," ಎಂದಳು ಆಕೆ. "ಬೇರೆ ಯಾವುದೂ ಬೇಡ."

ಜೀನು ಬಿಗಿಯುತ್ತಿದ್ದ ಲಾಯದವನು ತಲೆ ಎತ್ತಿ ನೋಡಿದ. ಕೆರೆಗಳ ಸುತ್ತ ಸವಾರಿಗೆ ಬರುವವರು ನಗುತ್ತಾ ಬರುತ್ತಾರೆ, ಕುದುರೆ ಏರುವ ಮೊದಲೇ ಫೋಟೊ ತೆಗೆಸಿಕೊಳ್ಳುತ್ತಾರೆ. ಈಕೆಯ ಮುಖ ನಿದ್ದೆಗೆಟ್ಟು ಬಾಡಿತ್ತು. ಎದುರಿಗೆ ಅಷ್ಟು ದೊಡ್ಡ ಕೆರೆ ಹರಡಿಕೊಂಡಿದ್ದರೂ ಅತ್ತ ಕಣ್ಣು ಹಾಯಿಸಿರಲಿಲ್ಲ.

"ಭಾನುವಾರ ಅದು ಟೋಪಿ ಸಾಹೇಬರಿಗೆ ಮೀಸಲು, ಅಮ್ಮಾ. ಇನ್ನೇನು ಬಂದ್ಬಿಡ್ತಾರೆ."

"ಬರಲ್ಲ. ಜ್ವರ ಬಂದು ಮಲಗಿದ್ದಾರೆ. ನಾನು ಅವರ ಹೆಂಡತಿ."

ಲಾಯದವನಿಗೆ ಒಳಗೊಳಗೇ ನಗು ಬಂತು, ಅದರ ಬೆನ್ನಿಗೇ ಭಯವೂ ಆಯಿತು. ತಲೆಯ ಟೋಪಿಯಿಂದಲೇ ಆ ಹೆಸರು ಬಿದ್ದ ಸಾಹೇಬರು ಪ್ರತಿ ಭಾನುವಾರ ಒಬ್ಬರೇ ಬಂದು ಇದೇ ಕುದುರೆ ಒಯ್ಯುತ್ತಿದ್ದರು. ಹಕ್ಕಿ ನೋಡುವುದಕ್ಕೆ ಎನ್ನುತ್ತಿದ್ದರು, ಕೈಯಲ್ಲಿ ದುರ್ಬೀನು ಇರುತ್ತಿರಲಿಲ್ಲ. ಹತ್ತುವ ಮುನ್ನ ತಪ್ಪದೆ ವಿಚಾರಿಸುತ್ತಿದ್ದರು: "ಸಂಜೆತನಕ ಇಲ್ಲೇ ಇರ್ತೀರಲ್ಲ?" ದೊಡ್ಡ ಮನುಷ್ಯರ ಸೌಜನ್ಯ. "ಭಾನುವಾರ ನಮ್ಮ ಸುಗ್ಗಿ, ಸಾಹೇಬ್ರೇ, ಎಲ್ಲಿಗೆ ಹೋಗ್ಲಿ?" ಎನ್ನುತ್ತಿದ್ದ ಇವನು. ಅವರು ಮರಳಿದ ಮೇಲೆ ಕುದುರೆ ಮೇವಿಗೆ ಮೂತಿಯನ್ನೇ ಇಡುತ್ತಿರಲಿಲ್ಲ. ಯಾರಿಗೋ ಟೋಪಿ ಹಾಕುತ್ತಿದ್ದಾರೆ ಎಂದು ಗೊತ್ತಿದ್ದೂ, ಒಳ್ಳೆ ಗಿರಾಕಿ ಕೈತಪ್ಪಬಾರದೆಂದು ಇವನು ತುಟಿ ಹೊಲಿದುಕೊಂಡಿದ್ದ.

"ಲಗಾಮು ಸಡಿಲ ಬಿಟ್ರೆ ಕುದುರೆ ತನ್ನ ರೂಢಿಯ ಜಾಗಕ್ಕೆ ತಾನೇ ಹೋಗಿ ನಿಲ್ಲುತ್ತಂತೆ. ನಿಜನಾ?" ಎಂದಳು ಆಕೆ.

ಇಲ್ಲ ಎನ್ನಬಹುದಿತ್ತು. ಆದರೆ ಕುದುರೆಗಳ ಮಾತು ಬಂದರೆ ಲಾಯದವನ ಎದೆ ಉಬ್ಬುತ್ತಿತ್ತು. ಅವನ್ನು ಅಷ್ಟು ಹಚ್ಚಿಕೊಂಡವನಿಗೆ ಸಿಕ್ಕ ಹೆಂಡತಿಯೋ, ಲಾಯದ ವಾಸನೆ ತನ್ನ ಹೊಸ್ತಿಲು ದಾಟಕೂಡದು ಎಂದು ಕಟ್ಟಪ್ಪಣೆ ಮಾಡಿದವಳು. ಅವನು ಒಂದು ಕುದುರೆಯನ್ನೂ ಮನೆಯತ್ತ ಕರೆದೊಯ್ದದ್ದೇ ಇಲ್ಲ. ಇಲ್ಲಿ ಒಬ್ಬರು ಗೌರವದಿಂದ ಕೇಳುತ್ತಿರುವಾಗ ನಾಲಿಗೆ ಸುಮ್ಮನಿರುವುದುಂಟೇ?

"ಮನುಷ್ಯರು ಸುಳ್ಳು ಹೇಳಬಹುದು, ಅಮ್ಮಾ. ನನ್ನ ಕುದುರೆಗಳು ಹೇಳಲ್ಲ," ಎಂದುಬಿಟ್ಟ.

"ನನಗೆ ಬೇಕಾಗಿದ್ದೂ ಅಷ್ಟೇ. ಅದು ನಿಲ್ಲೋ ಮನೆ ನೋಡ್ತೀನಿ. ಅವರ ಜೊತೆ ಬಾಳೋದೋ ಬಿಡೋದೋ ಆಮೇಲೆ."

ಹೊಸದಾಗಿ ಕುದುರೆ ಹತ್ತಿದವರ ಹಿಂದೆ ಒಬ್ಬರು ಸೈಕಲ್ಲಿನಲ್ಲಿ ಹೋಗಬೇಕೆಂಬುದು ಲಾಯದ ಪದ್ಧತಿ. ಯಾವಾಗಲೂ ತಮ್ಮನನ್ನು ಕಳಿಸುತ್ತಿದ್ದವನು, ಇಂದು ಲಾಯವನ್ನು ತಮ್ಮನಿಗೆ ಒಪ್ಪಿಸಿ ತಾನೇ ಸೈಕಲ್ ಹತ್ತಿದ. ಆಕೆ ಬಿದ್ದುಗಿದ್ದರೆ ಎಂದು ತನಗೆ ತಾನೇ ಹೇಳಿಕೊಂಡ. ಕುತೂಹಲ ತಡೆಯಲಾಗಲಿಲ್ಲ ಎಂಬುದೇ ಸತ್ಯ.

ಮೊದಲ ಕೆರೆಯ ದಡದಲ್ಲಿ ಕಂದು ಕುದುರೆ ಬೇರೆ ಕುದುರೆಗಳಂತೆಯೇ ನಡೆಯಿತು. ಹಕ್ಕಿ ನೋಡುವ ಅಟ್ಟಣೆಯ ಬಳಿ ಜನ ಗುಂಪುಗೂಡಿದ್ದರು. ಕುದುರೆ ನಿಲ್ಲಲಿಲ್ಲ. ಏರಿಯ ಮೇಲೆ ದಾರಿ ಕವಲೊಡೆಯುವಲ್ಲಿ ಎಲ್ಲ ಕುದುರೆಗಳೂ ಬಲಕ್ಕೆ, ಲಾಯದ ಕಡೆಗೆ ತಿರುಗುತ್ತವೆ. ಇದು ಎಡಕ್ಕೆ ತಿರುಗಿತು. ಆಕೆಯ ಬೆನ್ನು ಸೆಟೆದದ್ದು ಹಿಂದಿನಿಂದಲೇ ಕಂಡಿತು.

ಜೊಂಡು ಆಳೆತ್ತರ ಬೆಳೆದಿತ್ತು. ಸೈಕಲ್ಲಿನ ಚಕ್ರ ಹೂತುಕೊಂಡಿತು. ಲಾಯದವನು ಇಳಿದು ಅದನ್ನು ಹೆಗಲಿಗೇರಿಸಿಕೊಂಡ. ಈಗ ಅವನಿಗೆ ಆಕೆಯ ಮೇಲೆ ನಿಜಕ್ಕೂ ಕನಿಕರ ಬಂತು. ಒಂದು ಸಂಸಾರ ತನ್ನ ಕಣ್ಣೆದುರಿಗೇ, ತನ್ನದೇ ಕುದುರೆಯ ಬೆನ್ನ ಮೇಲೆ ಮುರಿಯಲು ಹೊರಟಿತ್ತು.

"ವಾಪಸ್ ಹೋಗೋಣ, ಅಮ್ಮಾ. ಮುಂದೆ ಬರೀ ಕೆಸರು."

"ಕುದುರೆ ಹಿಂಜರೀತಾ ಇಲ್ವಲ್ಲ."

ನಿಜ. ಜೊಂಡಿನ ನಡುವೆ ಸವೆದ ಜಾಡಿತ್ತು, ಅದರ ತುಂಬ ಒಣಗಿದ ಗೊರಸಿನ ಗುರುತುಗಳಿದ್ದವು. ಲಾಯದವನು ಅವನ್ನು ನೋಡುತ್ತಾ ಹಿಂದೆ ನಡೆದ.

ಜಾಡು ಕೊನೆಯ ಕೆರೆಯ ದಡದಲ್ಲಿ ಬಯಲಿಗೆ ತೆರೆದುಕೊಂಡಿತು. ನೀರಿಗೆ ಬೆನ್ನು ಮಾಡಿ ನಿಂತ ಮನೆಗಳ ಸಾಲು. ಲಾಯದವನಿಗೆ ಪರಿಚಯದ ಸಾಲೇ. ಅಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದನ್ನೆಲ್ಲ ಅವನ ಹೆಂಡತಿ ರಾತ್ರಿ ಅನ್ನದ ಜೊತೆಗೇ ಬಡಿಸುತ್ತಿದ್ದಳು. ಕೆಲವು ತಿಂಗಳಿಂದ ಅವಳ ಬಾಯಲ್ಲಿ ಒಂದೇ ಸುದ್ದಿ: ಗಂಡನಿಲ್ಲದ ದರ್ಜಿ ಹೆಂಗಸಿನ ಮನೆಗೆ ಭಾನುವಾರ ಯಾರೋ ಗಂಡಸು ಬಂದು ಹೋಗುತ್ತಾನೆ.

ಓಹೋ, ಅವಳೋ ಎಂದುಕೊಂಡ ಲಾಯದವನು. ಸಂಜೆ ಹೆಂಡತಿಗೆ ಇದನ್ನು ಹೇಳಿದರೆ ಎಷ್ಟು ಹಿಗ್ಗುತ್ತಾಳೆ. ಗುಟ್ಟು ಗೊತ್ತಾದ ಖುಷಿಯಲ್ಲಿ ಕಾಲಿನ ಕೆಸರೂ ಮರೆತುಹೋಯಿತು.

ಕುದುರೆ ಕಿವಿ ನಿಮಿರಿಸಿ ಹೆಜ್ಜೆ ಬಿರುಸು ಮಾಡಿತು. ದರ್ಜಿಯ ಹಿತ್ತಲು ಹತ್ತಿರವಾಯಿತು. ಒಳಗೆ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು. ಆಕೆ ಲಗಾಮನ್ನು ಮುಟ್ಟಲೇ ಇಲ್ಲ.

ಕುದುರೆ ದರ್ಜಿಯ ಹಿತ್ತಲನ್ನು ದಾಟಿ ಹೋಯಿತು.

ಆಕೆ ಹಿಂತಿರುಗಿ ನೋಡಿದಳು. "ಇದಲ್ಲ ಅಂತ ಕಾಣುತ್ತೆ," ಎಂದಳು. ಲಾಯದವನ ಹೆಗಲಿನಿಂದ ಸೈಕಲ್ ಜಾರಿ ನೆಲಕ್ಕೆ ಬಿದ್ದಿತ್ತು.

ಪಕ್ಕದ ಮನೆಯ ಹಿತ್ತಲಲ್ಲಿ ಕುದುರೆ ತಾನಾಗಿ ನಿಂತಿತು. ಒಂದು ಸಲ ಕೆನೆದು, ತಗಡಿನ ಬಾಗಿಲನ್ನು ಸಲುಗೆಯಿಂದ ಮೂತಿಯಲ್ಲಿ ತಳ್ಳಿತು.

ಹೆಚ್ಚಿದ ಕ್ಯಾರೆಟ್ಟಿನ ತಟ್ಟೆ ಹಿಡಿದು, ಮುಡಿಗೆ ಹೂ ಸಿಕ್ಕಿಸಿಕೊಳ್ಳುತ್ತಾ, ನಗುನಗುತ್ತಲೇ ಬಾಗಿಲು ತೆರೆದವಳು ಲಾಯದವನ ಹೆಂಡತಿ.